ರೈಫಲ್ ಬೇಕೆಂದ ಗೌಡರು, ಕಾನೂನು ಕೊಡುವ ಕೋವಿ

ಗದ್ದೆಯಲ್ಲಿ ತೆನೆಗೆ ಹಾಲು ತುಂಬುವ ಹೊತ್ತಿಗೆ ನಮ್ಮ ಜಿಲ್ಲೆಯ ಬಸ್ಸುಗಳಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ. ಅಡಿಕೆ ರೇಟು, ಮಂತ್ರಿಮಂಡಲ, ಮಗಳ ಮದುವೆ ಎಲ್ಲವೂ ಹಿಂದಿನ ಸೀಟಿಗೆ ಹೋಗಿ, ಕಾಡುಹಂದಿ ಮುಂದಿನ ಸೀಟಿಗೆ ಬಂದು ಕೂರುತ್ತದೆ. ಮೊನ್ನೆ ಶಿವಮೊಗ್ಗದಿಂದ ತೀರ್ಥಹಳ್ಳಿ ಬಸ್ಸು ಹತ್ತಿದಾಗ ಪಕ್ಕದಲ್ಲಿ ಗೌಡರೊಬ್ಬರು ಕೂತಿದ್ದರು. ಕಾಲಬುಡದಲ್ಲಿ ಬೇಲಿ ತಂತಿಯ ಸುರುಳಿ, ತೊಡೆಯ ಮೇಲೆ ಪಟಾಕಿ ಕಟ್ಟು. ದೀಪಾವಳಿಗೆ ಇನ್ನೂ ತಿಂಗಳಿತ್ತು. ಪಟಾಕಿ ಯಾರಿಗೆ ಅಂತ ಕೇಳುವ ಅಗತ್ಯವೇ ಬೀಳಲಿಲ್ಲ.

ಗಾಜನೂರು ದಾಟುವಷ್ಟರಲ್ಲಿ ಗೌಡರು ವಿಷಯಕ್ಕೆ ಬಂದರು.

"ನೀವು ಪೇಪರಿನೋರು, ನಾಕು ಕಡೆ ತಿರುಗೋರು. ಒಂದು ಮಾತು ಹೇಳಿ ಮಾರಾಯ್ರೇ. ಹಂದಿಗೂ ಆಗಬೇಕು, ಮಂಗಕ್ಕೂ ಆಗಬೇಕು, ಕಾಟಿ ಎದುರಿಗೆ ಬಂದ್ರೂ ಕೈ ಕೊಡಬಾರದು. ಅಂಥಾದ್ದು ಒಂದೇ ಒಂದು ಒಳ್ಳೇ ರೈಫಲ್ ಯಾವುದು? ಎರಡೆರಡು ತಗೊಳ್ಳೋ ಶಕ್ತಿ ನಮಗಿಲ್ಲ."

ಮಂಡಗದ್ದೆ ಬರುವಷ್ಟರಲ್ಲಿ ಅರ್ಧ ಬಸ್ಸು ಈ ಚರ್ಚೆಗೆ ಸೇರಿತ್ತು. ಒಬ್ಬರು 315 ಎಂದರು. ಇನ್ನೊಬ್ಬರು 22 ಸಾಕು, ಸದ್ದು ಕಮ್ಮಿ ಎಂದರು. ಕಂಡಕ್ಟರ್ ಟಿಕೆಟ್ ಹರಿಯುತ್ತಲೇ ಮಿಲಿಟರಿ ರೈಫಲ್ಲಿನ ಪರವಾಗಿ ಓಟು ಹಾಕಿದ. ಮುಂದಿನ ಸೀಟಿನ ಅಂಗಡಿ ಸಾಹುಕಾರರು ಮಾತ್ರ ತಿರುಗಿ ನೋಡಿ, "ಅದರ ಬದಲು ನಾಕು ನಾಯಿ ಸಾಕಿ ಗೌಡ್ರೇ" ಎಂದು ಮತ್ತೆ ನಿದ್ದೆ ಹೋದರು. ಅಷ್ಟರಲ್ಲಿ ನಾನಿಳಿಯುವ ಜಾಗ ಬಂತು. ಗೌಡರಿಗೆ ಕೊಡಬೇಕಾದ ಉತ್ತರ ಬಾಕಿ ಉಳಿಯಿತು. ಅದೇ ಪ್ರಶ್ನೆ ಜಿಲ್ಲೆಯಲ್ಲಿ ಸಾವಿರ ಜನರ ಬಾಯಲ್ಲಿ ಇರುವುದರಿಂದ ಇಲ್ಲೇ ಹೇಳಿಬಿಡುತ್ತೇನೆ.

ಪುಸ್ತಕದ ರೈಫಲ್

ಈ ರೈಫಲ್ ಹುಚ್ಚು ನಮ್ಮವರಿಗೆ ಬಂದದ್ದು ಹೆಚ್ಚಾಗಿ ಪುಸ್ತಕದಿಂದ. ಕೆನೆತ್ ಆಂಡರ್ಸನ್ನನ ಶಿಕಾರಿ ಕತೆಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದ ಮೇಲೆ ಮಲೆನಾಡಿನ ಪ್ರತಿ ಹುಡುಗನೂ ಮನಸ್ಸಿನಲ್ಲೇ ಒಂದು ರೈಫಲ್ ಹೆಗಲಿಗೆ ಹಾಕಿಕೊಂಡು ತಿರುಗಿದವನೇ. ಆಂಡರ್ಸನ್ ಹಿಡಿದದ್ದು 405 ವಿಂಚೆಸ್ಟರ್. ಕುಮಾವೂನಿನ ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಚಂಪಾವತದ ನರಭಕ್ಷಕಿಯನ್ನು ಹೊಡೆದದ್ದಕ್ಕೆ ಬಹುಮಾನವಾಗಿ ಬಂದದ್ದು 275 ರಿಗ್ಬಿ. ಅದು ಹಗುರ, ದಿನವಿಡೀ ಗುಡ್ಡ ಹತ್ತಿ ಇಳಿಯುವವನಿಗೆ ಭಾರವಾಗದ್ದು. ಅದಲ್ಲದೆ ದೊಡ್ಡ ಪ್ರಾಣಿಗೆಂದು ಅವನ ಬಳಿ ಒಂದು ಜೋಡುನಳಿಗೆಯ ಭಾರೀ ರೈಫಲ್ಲೂ ಇತ್ತು. ಎಂದರೆ ಕಾರ್ಬೆಟ್‌ನಂಥ ಕಾರ್ಬೆಟ್‌ಗೂ ಒಂದೇ ರೈಫಲ್ ಎಲ್ಲದಕ್ಕೂ ಆಗಲಿಲ್ಲ. ಗೌಡರು ಇದನ್ನು ಗಮನಿಸಬೇಕು.

ಆ ಕಾಲದಲ್ಲಿ ಶಿಕಾರಿಗೆ ಲೈಸೆನ್ಸ್ ಕೊಡುತ್ತಿದ್ದರು. ಯಾವ ರೈಫಲ್ ಒಳ್ಳೆಯದು ಎಂಬ ಪ್ರಶ್ನೆಗೆ ಅರ್ಥವಿತ್ತು. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆಯನ್ನು ಬಿಗಿ ಮಾಡಿತು. 1991ರ ತಿದ್ದುಪಡಿ ಉಳಿದಿದ್ದ ಸಂದನ್ನೂ ಮುಚ್ಚಿತು. ಇವತ್ತು ಈ ದೇಶದಲ್ಲಿ ಶೋಕಿಗೆ ಬೇಟೆ ಎನ್ನುವುದೇ ಇಲ್ಲ. ಬಂದೂಕಿನ ಅಂಗಡಿಯ ಗಾಜಿನ ಹಿಂದೆ ರೈಫಲ್ ಇನ್ನೂ ನಿಂತಿದೆ, ಅದರ ಕೆಲಸ ಹೊರಟು ಹೋಗಿದೆ.

ಕಂಡಕ್ಟರ್ ಹೇಳಿದ ಮಿಲಿಟರಿ ರೈಫಲ್ಲಿನ ಮಾತೂ ಹಾಗೇ. ಹಳೇ 303 ಸೈನ್ಯದ ಅಳತೆಯದಾದ್ದರಿಂದ ಸಾಮಾನ್ಯ ಜನರಿಗೆ ನಿಷೇಧ. ಅದೇ ಕಾರಣಕ್ಕೆ ಸರ್ಕಾರಿ ಕಾರ್ಖಾನೆಯವರು ಅದೇ ಜಾತಿಯ ಮೈಕಟ್ಟಿಗೆ ಬೇರೆ ಅಳತೆಯ ನಳಿಗೆ ಹಾಕಿ, ಬಂಗಾಳದ ಇಛಾಪುರದಲ್ಲಿ 315 ಎಂಬ ರೈಫಲ್ ಮಾಡಿ ನಾಗರಿಕರಿಗೆ ಮಾರಿದರು. ಬಸ್ಸಿನಲ್ಲಿ ಕೇಳಿಬಂದ 315 ಅದೇ. ಗಟ್ಟಿ ಮಾಲು, ಅದರಲ್ಲಿ ಅನುಮಾನವಿಲ್ಲ. ಆದರೆ ನಮ್ಮ ತೋಟಕ್ಕೆ ಅದು ಬೇಕೆ?

ಸೆಕ್ಷನ್ 13 ಏನನ್ನುತ್ತದೆ

ಕೋವಿ ಕೊಳ್ಳುವವರು ಮೊದಲು ನೋಡುವುದು ಅಂಗಡಿ. ನೋಡಬೇಕಾದ್ದು 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್. ರೈತನಿಗೆ ಯಾವ ಕೋವಿ ಎಂಬುದನ್ನು ಅಲ್ಲಿ ಅರವತ್ತು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ನಿಜವಾದ ಬೆಳೆ ರಕ್ಷಣೆಗೆ ಎಂದು ಅರ್ಜಿ ಹಾಕಿದರೆ ಮೊದಲು ಕೊಡತಕ್ಕದ್ದು ಬಾಯಿಂದ ಮದ್ದು ತುಂಬುವ ಕೋವಿ, ಅಂದರೆ ನಮ್ಮ ಕೇಪಿನ ಕೋವಿ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿ ಕೊಡಬಹುದು. ನಳಿಗೆ ಇಪ್ಪತ್ತು ಅಂಗುಲಕ್ಕೆ ಕಮ್ಮಿ ಇರಬಾರದು. ಅಂದರೆ ತೋಟೆ ಕೋವಿ, ಒಂಟಿನಳಿಗೆ ಅಥವಾ ಜೋಡುನಳಿಗೆ. ರೈಫಲ್ಲಿನ ಹೆಸರು ಈ ಸಾಲಿನಲ್ಲಿ ಇಲ್ಲವೇ ಇಲ್ಲ. ರೈಫಲ್ ಬೇಕಾದವನು ಬೇರೆ ಬಾಗಿಲಲ್ಲಿ ನಿಂತು, ತನಗೇಕೆ ಬೇಕು ಎಂದು ಪ್ರತ್ಯೇಕವಾಗಿ ಒಳ್ಳೆಯ ಕಾರಣ ತೋರಿಸಬೇಕು. "ಹಂದಿ ಕಾಟ" ಎಂದು ಬರೆದು ರೈಫಲ್ ಕೇಳಿದ ಅರ್ಜಿ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ಮುಪ್ಪಾಗುವುದು ಇದಕ್ಕೇ. ಗುಮಾಸ್ತರನ್ನು ಬೈದು ಪ್ರಯೋಜನವಿಲ್ಲ. (ಬೇರೆ ವಿಷಯಕ್ಕೆ ಬೈಯಬಹುದು.)

ನುಣುಪು ನಳಿಗೆ, ರೈಫಲ್ ಎಂಬ ವ್ಯತ್ಯಾಸ ಗೊತ್ತಿಲ್ಲದವರಿಗೆ ಒಂದು ಮಾತು. ರೈಫಲ್ಲಿನ ನಳಿಗೆಯೊಳಗೆ ತಿರುಪಿನಂತೆ ಗೀರುಗಳಿರುತ್ತವೆ. ಗುಂಡು ಬುಗುರಿಯ ಹಾಗೆ ಸುತ್ತುತ್ತಾ ಹೊರಬೀಳುತ್ತದೆ, ದಾರಿ ತಪ್ಪದೆ ಬಹುದೂರ ಹೋಗುತ್ತದೆ. ತೋಟೆ ಕೋವಿಯ ನಳಿಗೆ ಒಳಗೆ ಕನ್ನಡಿ. ಅದರಿಂದ ಚರೆ ಹಾರಿಸಬಹುದು, ದಪ್ಪ ಗುಂಡುಗಳನ್ನು ಹಾರಿಸಬಹುದು, ಒಂಟಿಗುಂಡನ್ನೂ ಹಾರಿಸಬಹುದು. ಹನ್ನೆರಡು ಬೋರು ಅನ್ನುವುದಕ್ಕೂ ಕತೆ ಇದೆ: ಒಂದು ಪೌಂಡು ಸೀಸದಲ್ಲಿ ಹನ್ನೆರಡು ಸಮ ಉಂಡೆ ಮಾಡಿದರೆ ಒಂದುಂಡೆ ಹಿಡಿಸುವಷ್ಟು ಬಾಯಿ. ಹದಿನಾರು ಬೋರಿನದು ಅದಕ್ಕಿಂತ ಸಣ್ಣ ಬಾಯಿ. ನಂಬರು ದೊಡ್ಡದಾದರೆ ಕೋವಿ ದೊಡ್ಡದು ಎಂದು ತಿಳಿದವರು ನಮ್ಮಲ್ಲಿ ಬಹಳ.

ಗುಂಡು ಎಲ್ಲಿ ಹೋಗಿ ಬೀಳುತ್ತದೆ?

ಕಾನೂನನ್ನು ಪಕ್ಕಕ್ಕಿಡೋಣ. ನೆಲ ಏನು ಹೇಳುತ್ತದೆ ನೋಡಿ.

ರೈಫಲ್ ಕಂಪನಿಗಳು ಹೇಳುವ ಇನ್ನೂರು ಗಜ, ಮುನ್ನೂರು ಗಜದ ನೋಟ ನಮ್ಮ ಕಡೆ ಎಲ್ಲಿದೆ ಸ್ವಾಮಿ? ತೋಟದ ಅಂಚಿನಲ್ಲಿ ಹಳು, ಹಳುವಿನಾಚೆ ಬ್ಯಾಣ, ಬ್ಯಾಣದಾಚೆ ಕಾಡು. ಹಂದಿ ಕಣ್ಣಿಗೆ ಬೀಳುವುದೇ ಇಪ್ಪತ್ತು ಮೂವತ್ತು ಗಜದಲ್ಲಿ, ಅದೂ ಅರೆಗಳಿಗೆ. ಆ ದೂರಕ್ಕೆ ತೋಟೆ ಕೋವಿಯ ದಪ್ಪ ಗುಂಡುಗಳೇ ಸರಿಯಾದ ಅಳತೆ. ಮೂವತ್ತೈದು ಗಜ ದಾಟಿದರೆ ಅವು ಚದುರುತ್ತವೆ, ಆಗ ಹೊಡೆಯಬಾರದು. ಗಾಯವಾದ ಹಂದಿ ಮರುದಿನ ಬೆಳಿಗ್ಗೆ ಸೊಪ್ಪಿಗೆ ಹೋದ ಹೆಣ್ಣಾಳಿನ ಮೇಲೆ ಬಂದರೆ ಲೆಕ್ಕ ಯಾರದ್ದು?

ಈಗ ರೈಫಲ್ಲಿನ ಕಡೆ ಬನ್ನಿ. "22 ಅಂದ್ರೆ ಸಣ್ಣ ಪೆನ್ಸಿಲ್ ದಪ್ಪ ಗುಂಡು, ಏನಾಗ್ತದೆ" ಎಂದಿದ್ದರು ಬಸ್ಸಿನಲ್ಲಿ. ಆ ಸಣ್ಣ ಗುಂಡು ಒಂದು ಮೈಲಿವರೆಗೆ ಅಪಾಯ ಎಂದು ಮಾಡುವವರೇ ಎಚ್ಚರಿಸುತ್ತಾರೆ. 315 ಅಂಥಾದ್ದರ ಗುಂಡು ಅದನ್ನೂ ಮೀರಿ ದೂರಕ್ಕೆ ಹೋಗುತ್ತದೆ. ಮರದ ಮೇಲಿನ ಮಂಗನಿಗೆ ಮೇಲ್ಮುಖವಾಗಿ ಹೊಡೆದ ಗುಂಡು ಆಕಾಶಕ್ಕೆ ಹೋಗುವುದಿಲ್ಲ. ಗುಡ್ಡದಾಚೆ ಶಾಲೆ ಬಿಟ್ಟು ಬರುವ ಮಕ್ಕಳ ದಾರಿ ಇದೆ, ಕೇರಿ ಇದೆ, ಬಸ್ಸು ಓಡುವ ರಸ್ತೆ ಇದೆ. ಬಸ್ಸಿನಲ್ಲಿ ಕೂತು ರೈಫಲ್ ಬೇಕು ಎಂದವರಲ್ಲಿ ಒಬ್ಬರಾದರೂ ಕಿಟಕಿಯಾಚೆ ನೋಡಿದ್ದರೆ ಈ ಲೆಕ್ಕ ಹೊಳೆಯುತ್ತಿತ್ತು. ನಮ್ಮ ಮಲೆನಾಡಿನಲ್ಲಿ ಒಬ್ಬನ ಜಮೀನು ಇನ್ನೊಬ್ಬನ ಹಿತ್ತಿಲಿಗೆ ಮುಗಿಯುತ್ತದೆ. ಎರಡು ಎಕರೆ ತೋಟದವನು ಎರಡು ಮೈಲಿ ಹೋಗುವ ಗುಂಡನ್ನು ಯಾವ ಧೈರ್ಯದ ಮೇಲೆ ಹಾರಿಸುತ್ತಾನೆ?

ಕೇಪಿನ ಕೋವಿ ಎಂಬ ಅಜ್ಜ

ಹಾಗಾದರೆ ಸರ್ಕಾರ ಹೇಳುವ ಕೇಪಿನ ಕೋವಿಯೇ ಸಾಕೇ? ಅಲ್ಲೂ ನನಗೆ ಒಪ್ಪಿಗೆ ಇಲ್ಲ. ದಿಲ್ಲಿಯಲ್ಲಿ ಕೂತು ಕಾಯ್ದೆ ಬರೆದವರು ಆಗುಂಬೆಯ ಮಳೆ ಕಂಡವರಲ್ಲ. ಬೆಳೆಗೆ ಕಾವಲು ಬೇಕಾಗುವ ಕಾಲದಲ್ಲೇ ಗಾಳಿಯಲ್ಲಿ ನೀರಿರುತ್ತದೆ. ಮದ್ದು ತಂಡಿ ಹಿಡಿಯುತ್ತದೆ, ಕೇಪು ಟಪ್ ಅನ್ನುತ್ತದೆ, ಕೋವಿ ಮೌನವ್ರತ ಹಿಡಿಯುತ್ತದೆ. ಒಂದು ಈಡು ಆದ ಮೇಲೆ ಮತ್ತೆ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಿಂದ ಜಡಿದು, ಕೇಪು ಕೂರಿಸುವಷ್ಟರಲ್ಲಿ ಹಂದಿ ಪಕ್ಕದ ಊರಿಗೆ ಹೋಗಿ ಉಂಡು ಕೈ ತೊಳೆದಿರುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ತೋಟೆ ಕೋವಿ ತುಂಬಿದೆಯೋ ಇಲ್ಲವೋ ಮಡಿಚಿ ನೋಡಿದರೆ ಗೊತ್ತಾಗುತ್ತದೆ. ಕೇಪಿನ ಕೋವಿಯ ಹೊಟ್ಟೆಯಲ್ಲಿ ಏನಿದೆ ಎಂದು ನೋಡಿ ಹೇಳಲಿಕ್ಕೆ ಬರುವುದಿಲ್ಲ. ಅಪ್ಪ ಬಾರು ಮಾಡಿ ಅಟ್ಟದ ಮೇಲೆ ಇಟ್ಟಿದ್ದ, ಮಗ ಗೊತ್ತಿಲ್ಲದೆ ಮತ್ತೊಂದು ಬಾರು ಮಾಡಿದ. ಎರಡು ಬಾರಿನ ಒತ್ತಡಕ್ಕೆ ನಳಿಗೆ ಸೀಳಿದರೆ ಹೋಗುವುದು ಎಡಗೈ ಬೆರಳು. ಜಡಿದ ಗಜವನ್ನು ನಳಿಗೆಯಲ್ಲೇ ಮರೆತು ಹಾರಿಸಿದವರೂ ಇದ್ದಾರೆ. ಕೇಪಿನ ಕೋವಿ ಇರುವವರು ಅದನ್ನು ಬಿಸಾಡಬೇಕೆಂದು ನಾನು ಹೇಳುತ್ತಿಲ್ಲ. ಸದ್ದು ಮಾಡಿ ಓಡಿಸುವ ಕೆಲಸಕ್ಕೆ ಅದು ಚೆನ್ನಾಗಿದೆ. ಚರೆ ಹಾಕದೆ ಬರೀ ಮದ್ದಿನ ಈಡು ಹೊಡೆದರೆ ಮಂಗನ ಹಿಂಡು ಎರಡು ದಿನ ಆ ಕಡೆ ತಲೆ ಹಾಕುವುದಿಲ್ಲ. ಮೂರನೇ ದಿನ ಬರುತ್ತದೆ, ಆ ಮಾತು ಬೇರೆ.

ಅರ್ಜಿ ಬರೆಯುವವರು ಇದನ್ನೇ ಅರ್ಜಿಯಲ್ಲಿ ಬರೆಯಬೇಕು. "ನನಗೆ ತೋಟೆ ಕೋವಿ ಕೊಡಿ" ಎಂದರೆ ಸಾಲದು. ನಮ್ಮ ಮಳೆ ಇಷ್ಟು, ಮದ್ದು ನಿಲ್ಲುವುದಿಲ್ಲ, ಜಮೀನು ಕಾಡಿನಂಚಿಗಿದೆ, ಒಂದು ಈಡಿನ ಮೇಲೆ ಇನ್ನೊಂದಕ್ಕೆ ಸಮಯ ಸಿಗುವುದಿಲ್ಲ, ಆದ್ದರಿಂದ ಬಾಯಿಂದ ತುಂಬುವ ಕೋವಿ ಸಾಲದು ಎಂದು ಸೆಕ್ಷನ್ನಿನ ಭಾಷೆಯಲ್ಲೇ ಬರೆದು, ಪಹಣಿ ಲಗತ್ತಿಸಿ ಕೊಡಿ. ಮನವರಿಕೆ ಎಂಬ ಮಾತು ಕಾಯ್ದೆಯಲ್ಲೇ ಇರುವಾಗ ಮನವರಿಕೆ ಮಾಡುವ ಕೆಲಸ ನಮ್ಮದು.

ಹೀಗಾಗಿ ಜೋಡುನಳಿಗೆ

ಗೌಡರಿಗೆ ನನ್ನ ಉತ್ತರ ಇಷ್ಟೇ: ರೈಫಲ್ ಬೇಡ. ಹನ್ನೆರಡು ಬೋರಿನ ಜೋಡುನಳಿಗೆ ತೋಟೆ ಕೋವಿ ಮಾಡಿಕೊಳ್ಳಿ. ಎಲ್ಲಕ್ಕೂ ಆಗುವ ಒಂದೇ ಕೋವಿ ಎಂಬುದಕ್ಕೆ ಈ ನೆಲದಲ್ಲಿ ಹತ್ತಿರ ಬರುವುದು ಅದೊಂದೇ. ಎರಡು ನಳಿಗೆ ಇರುವುದರಿಂದ ಎರಡು ಬೇರೆ ತೋಟೆ ಹಾಕಿಟ್ಟುಕೊಳ್ಳಬಹುದು. ಎರಡು ಟ್ರಿಗರ್ ಇದ್ದರೆ ಯಾವ ತೋಟೆ ಬೇಕೋ ಅದರ ಟ್ರಿಗರ್ ಎಳೆಯಬಹುದು. ಸಾಮಾನ್ಯವಾಗಿ ಒಂದು ನಳಿಗೆಯ ತುದಿ ಸ್ವಲ್ಪ ಬಿಗಿದಿರುತ್ತದೆ, ಅದರ ಚರೆ ಗುಂಪಾಗಿ ಹೋಗುತ್ತದೆ. ಇನ್ನೊಂದು ಬೇಗ ಹರಡುತ್ತದೆ. ಬಿಗಿದ ನಳಿಗೆಯಲ್ಲಿ ಒಂಟಿಗುಂಡು ಹಾರಿಸುವ ಮುಂಚೆ ಬಂದೂಕು ರಿಪೇರಿಯವರನ್ನು ಕೇಳಿ.

ಕೊಳ್ಳುವಾಗ ಹೊಸದೇ ಆಗಬೇಕೆಂದಿಲ್ಲ, ಹಳೇ ಸಾಮಾನು ಒಳ್ಳೆಯದು ಸಿಗುತ್ತದೆ. ಆದರೆ ಮದುವೆಗೆ ಹೆಣ್ಣು ನೋಡುವಷ್ಟು ಪುರುಸೊತ್ತಿನಿಂದ ನೋಡಬೇಕು. ನಳಿಗೆ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಒಳಗೆ ಉಂಗುರದಂತೆ ನೆರಳು ಕಂಡರೆ ಅದು ಉಬ್ಬಿದ ನಳಿಗೆ, ಕೆಳಗಿಟ್ಟು ಬನ್ನಿ. ಮಡಿಚಿ ಮುಚ್ಚಿದಾಗ ಲೊಡಲೊಡ ಎಂದರೆ ಬೇಡ. ನಳಿಗೆಯ ಮೇಲೆ ಹಾವಿನ ಚರ್ಮದಂಥ ಸುರುಳಿ ಚಿತ್ತಾರ ಇದ್ದರೆ ನೋಡಲು ಬಲು ಚಂದ. ಅದು ಹಳೇ ಕರಿಮದ್ದಿನ ಕಾಲದ್ದು, ಈಗಿನ ತೋಟೆಯ ಒತ್ತಡಕ್ಕೆ ಮಾಡಿದ್ದಲ್ಲ. ಗೋಡೆಗೆ ತೂಗುಹಾಕಬಹುದು, ಅದಕ್ಕೂ ಲೈಸೆನ್ಸ್ ಬೇಕು ಅನ್ನಿ. ಹಳೇ ಇಂಗ್ಲಿಷ್ ಕೋವಿಗಳ ತೋಟೆ ಗೂಡು ಎಷ್ಟೋ ಸಲ ಎರಡೂವರೆ ಅಂಗುಲದ್ದಿರುತ್ತದೆ. ಎರಡೂ ಮುಕ್ಕಾಲು ಅಂಗುಲದ ತೋಟೆ ಅದರೊಳಗೆ ಸಲೀಸಾಗಿ ಕೂರುತ್ತದೆ, ಅಪಾಯ ಇರುವುದೇ ಅಲ್ಲಿ. ಹಾರುವಾಗ ತೋಟೆಯ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಗೂಡಿನ ಅಳತೆ ಕೇಳಿ, ಅದಕ್ಕೆ ತಕ್ಕ ತೋಟೆಯನ್ನೇ ತನ್ನಿ.

ಇನ್ನು ಕುದುರೆ ಹೊರಗಿರುವ ಕೋವಿಯೋ, ಒಳಗಿರುವುದೋ? ಅಂಗಡಿಯವರು ಒಳಗಿನದ್ದು ಹೊಸ ಮಾದರಿ ಎಂದು ಹೊಗಳುತ್ತಾರೆ. ಮನೆಯಲ್ಲಿ ನಾಲ್ಕು ಜನ ಓಡಾಡುವ ರೈತನಿಗೆ ಕುದುರೆ ಹೊರಗಿರುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಕುದುರೆ ಎತ್ತಿದೆಯೋ ಇಲ್ಲವೋ ದೂರದಿಂದಲೇ ಕಾಣುತ್ತದೆ. ಕುದುರೆ ಒಳಗಿರುವ ಕೋವಿ ಮುಚ್ಚಿದ ಕೂಡಲೇ ಈಡಿಗೆ ತಯಾರು, ಸಣ್ಣದೊಂದು ಸೇಫ್ಟಿ ಗುಂಡಿಯ ಮೇಲೆ ಎಲ್ಲಾ ಭಾರ. ಯಾವುದೇ ಇರಲಿ, ಸಂಕ ದಾಟುವಾಗ, ಉಣುಗೋಲು ಹಾಯುವಾಗ ಕೋವಿ ಮಡಿಚಿ ತೋಟೆ ತೆಗೆದು ದಾಟಬೇಕು. ಜಾರಿ ಬಿದ್ದು ತನ್ನದೇ ಕೋವಿಗೆ ಬಲಿಯಾಗುವವರ ಸುದ್ದಿಗೆ ನಮ್ಮ ಪತ್ರಿಕೆಗಳಲ್ಲಿ ಬರವಿಲ್ಲ. ಹಂದಿಯೆಂದು ತಿಳಿದು ಜತೆಯವನಿಗೇ ಹೊಡೆದ ಸುದ್ದಿಗೂ ಇಲ್ಲ. ಆಚೆ ಬದಿಯಲ್ಲೊಬ್ಬ, ಈಚೆ ಬದಿಯಲ್ಲೊಬ್ಬ ಮರಸು ಕೂತು, ಕತ್ತಲಲ್ಲಿ ಹಳು ಅಲ್ಲಾಡಿದ್ದಕ್ಕೆ ಈಡು ತೆಗೆಯುವುದು. ಅದಕ್ಕೆ ಯಾವ ಕಂಪನಿಯ ಕೋವಿಯಾದರೂ ಒಂದೇ.

ಏರ್ ಗನ್ ಬಗ್ಗೆ ಅಂಗಡಿಯವರಿಗೂ ಒಂದು ಮಾತು. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಹೊಡೆತ 20 ಜೂಲ್ ದಾಟಿದರೆ, ಅಥವಾ ಬಾಯಿ 4.5 ಮಿಲಿಮೀಟರಿಗಿಂತ ದೊಡ್ಡದಿದ್ದರೆ ಅದಕ್ಕೂ ಲೈಸೆನ್ಸ್ ಬೇಕು. ಅದಕ್ಕಿಂತ ಸಣ್ಣದಕ್ಕೆ ಬೇಡ ಎಂದಮಾತ್ರಕ್ಕೆ ಅದು ಆಟದ ಸಾಮಾನಲ್ಲ. ಏರ್ ಗನ್ನಿನ ಗುಂಡಿಗೆ ಮಕ್ಕಳು ಸತ್ತ ಸುದ್ದಿಯನ್ನು ಈ ರಾಜ್ಯದ ಪತ್ರಿಕೆಗಳು ಅಚ್ಚು ಹಾಕಿವೆ.

ಕೋವಿಗೆ ಒಂದು ಚೀಟಿ, ಹಂದಿಗೆ ಇನ್ನೊಂದು

ಇಷ್ಟೆಲ್ಲಾ ನೋಡಿ ಕೋವಿ ತಂದಿರಿ ಅಂತಿಟ್ಟುಕೊಳ್ಳಿ. ಈಗ ಹಂದಿಗೆ ಹೊಡೆಯಬಹುದೇ? ನಮ್ಮ ರೈತರಲ್ಲಿ ಬಹಳ ಮಂದಿ ಎಡವುವುದು ಇಲ್ಲಿ.

ಡಿ.ಸಿ. ಆಫೀಸಿನ ಲೈಸೆನ್ಸ್ ಕೋವಿ ಇಟ್ಟುಕೊಳ್ಳುವುದಕ್ಕೆ. ಪ್ರಾಣಿಗೆ ಹೊಡೆಯುವುದಕ್ಕಲ್ಲ. ಅದಕ್ಕೆ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ನಿನ ಪ್ರಕಾರ ಅರಣ್ಯ ಇಲಾಖೆಯಿಂದ ಬರಹದಲ್ಲಿ ಅಪ್ಪಣೆ ಬೇಕು. ಹಂದಿಯಂಥ ಪ್ರಾಣಿ ನಿಂತ ಬೆಳೆಗೆ ಅಪಾಯ ಎಂಬ ಕಾರಣಕ್ಕೆ ಆ ಅಪ್ಪಣೆ ಸಿಗಲು ದಾರಿ ಇದೆ. ಕಾಟಿ, ಆನೆ ಮೊದಲ ಪಟ್ಟಿಯಲ್ಲಿರುವ ಪ್ರಾಣಿಗಳು. ಅವಕ್ಕೆ ಬೆಳೆ ಹಾಳು ಎನ್ನುವುದು ಕಾರಣವೇ ಅಲ್ಲ. ಮನುಷ್ಯನ ಪ್ರಾಣಕ್ಕೇ ಅಪಾಯವಾಗಿದ್ದರೆ, ಅಥವಾ ಪ್ರಾಣಿಯೇ ವಾಸಿಯಾಗದ ಸ್ಥಿತಿಗೆ ಬಂದಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರೇ ತೀರ್ಮಾನ ಮಾಡಬೇಕು. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದದ್ದು ಅಪರಾಧವಲ್ಲ ಎಂದು ಕಾಯ್ದೆ ಹೇಳುತ್ತದೆ. ತೋಟಕ್ಕೆ ಬಂದ ಕಾಟಿಗೆ ಹೊಡೆದರೆ ಮೂರರಿಂದ ಏಳು ವರ್ಷ ಜೈಲು. ಮಂಗನೂ ರಕ್ಷಿತ ಪ್ರಾಣಿಯೇ. ಹಾಗಾಗಿ ಗೌಡರು ಹೇಳಿದ ಮೂರು ಕೆಲಸದಲ್ಲಿ ಎರಡಕ್ಕೆ ಯಾವ ಕೋವಿಯೂ ಇಲ್ಲ. ಮೂರನೆಯದಕ್ಕೆ ಕೋವಿ ಇದೆ, ಚೀಟಿ ಬೇಕು. ಅಪ್ಪಣೆ ಪಡೆದು ಹೊಡೆದ ಹಂದಿಯೂ ಸರ್ಕಾರದ ಸ್ವತ್ತು, ಒಲೆಗೆ ಹೋಗುವಂತಿಲ್ಲ.

ಹಂದಿ ಬರುವುದು ರಾತ್ರಿ ಹನ್ನೊಂದಕ್ಕೆ. ಚೀಟಿ ಕೊಡುವ ಆಫೀಸು ತೆರೆಯುವುದು ಬೆಳಿಗ್ಗೆ ಹತ್ತಕ್ಕೆ. ಈ ಹನ್ನೊಂದು ಗಂಟೆಯ ಅಂತರದಲ್ಲಿ ನಮ್ಮ ಜಿಲ್ಲೆಯ ಎಲ್ಲಾ ಕಳ್ಳದಾರಿಗಳೂ ಹುಟ್ಟುತ್ತವೆ. ಉರುಳು, ಹಿಟ್ಟಿನುಂಡೆಯೊಳಗೆ ಸಿಡಿಮದ್ದು, ಬೇಲಿ ತಂತಿಗೆ ನೇರ ಕರೆಂಟು. ಸಿಡಿಮದ್ದು ತಿಂದು ದವಡೆ ಹಾರಿಸಿಕೊಂಡು ಬರುವುದು ಎಷ್ಟೋ ಸಲ ಮೇಯಲು ಹೋದ ಮನೆಯ ದನ. ಕರೆಂಟು ತಂತಿಗೆ ಸಿಗುವುದು ಬೆಳಗಿನ ಜಾವ ನೀರು ತಿರುಗಿಸಲು ಹೋದ ಮನುಷ್ಯ. ಕೋವಿಯವನ ಮೇಲೆ ಕಣ್ಣಿಡಲು ಸರ್ಕಾರದ ಬಳಿ ಅವನ ಹೆಸರು, ವಿಳಾಸ, ಫೋಟೋ ಇದೆ. ಸಿಡಿಮದ್ದಿನವನದ್ದು ಏನೂ ಇಲ್ಲ. ದಾರಿ ಗಟ್ಟಿ ಮಾಡಬೇಕಾದದ್ದು ಯಾವ ಕಡೆಗೆ ಎಂದು ಇಷ್ಟರಿಂದಲೇ ತಿಳಿಯುವುದಿಲ್ಲವೇ?

ಪಕ್ಕದ ಕೇರಳದವರು ಒಂದು ಪ್ರಯೋಗ ಮಾಡಿದ್ದಾರೆ. 2022ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ, ಬೆಳೆಗೂ ಜೀವಕ್ಕೂ ಅಪಾಯವಾದ ಹಂದಿಯನ್ನು ಹೊಡೆಸುವ ಅಧಿಕಾರವನ್ನು ಪಂಚಾಯ್ತಿ, ಪುರಸಭೆಗಳ ಅಧ್ಯಕ್ಷರಿಗೇ ಕೊಟ್ಟಿತು. ಲೈಸೆನ್ಸ್ ಕೋವಿ ಇರುವವರ ಪಟ್ಟಿ ಮಾಡಿ ಅವರಿಂದ ಕೆಲಸ ತೆಗೆಸುವ ಏರ್ಪಾಡು. ಅದರಲ್ಲೂ ತೊಡಕುಗಳಿವೆ, ಎಲ್ಲಾ ಕಡೆ ಕೋವಿಯವರು ಸಿಗುವುದಿಲ್ಲ. ಆದರೂ ಚೀಟಿ ಊರಿನಲ್ಲೇ ಸಿಗುತ್ತದೆ ಎನ್ನುವುದು ಸಣ್ಣ ಮಾತಲ್ಲ. ನಮ್ಮ ಪಂಚಾಯ್ತಿ ಅಧ್ಯಕ್ಷರ ಕೈಗೆ ಈ ಅಧಿಕಾರ ಕೊಟ್ಟರೆ ಮೊದಲು ಯಾವ ಪಾರ್ಟಿಯವನ ಗದ್ದೆಯ ಹಂದಿ ಬೀಳುತ್ತದೆ ಎಂಬ ಅನುಮಾನ ಓದುಗರಿಗೆ ಬಂದರೆ ತಪ್ಪಿಲ್ಲ. ನನಗೂ ಬಂತು.

"ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ, ನಮಗೆ ಮಾತ್ರ ಯಾಕೆ" ಎಂದು ಕೇಳುವವರಿದ್ದಾರೆ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿ, ಬೇಟೆಯ ವಿನಾಯಿತಿಯಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರೂ ಈಗ ಹೊಡೆಯುವುದು ತೆಂಗಿನಕಾಯಿಗೆ.

ಠಾಣೆಗೆ ಹೋದ ಕೋವಿ

ಕೊನೆಗೆ ಎಲೆಕ್ಷನ್. ಚುನಾವಣೆ ಘೋಷಣೆ ಆದ ತಕ್ಷಣ ಊರೂರಿನ ಕೋವಿಗಳು ಗೋಣಿ ಸುತ್ತಿಕೊಂಡು ಠಾಣೆ ಕಡೆ ಹೊರಡುವುದು ನಮ್ಮ ಬಸ್ ಪ್ರಯಾಣಿಕರಿಗೆ ಹೊಸ ದೃಶ್ಯವಲ್ಲ. 2024ರ ಲೋಕಸಭೆ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಎಣಿಕೆ ಜೂನ್ 4ಕ್ಕೆ. ಶಿವಮೊಗ್ಗದಲ್ಲಿ ಓಟು ಮುಗಿದದ್ದು ಮೇ 7ಕ್ಕೇ. ಹತ್ತಿರ ಹತ್ತಿರ ಎಂಬತ್ತು ದಿನ. ಅದರ ಹಿಂದಿನ ವರ್ಷ ವಿಧಾನಸಭೆಗೆ ಮಾರ್ಚ್ 29ರಿಂದ ಮೇ 13ರವರೆಗೆ. ಹಂದಿಗಳಿಗೆ ನೀತಿ ಸಂಹಿತೆ ಗೊತ್ತಿಲ್ಲ.

ಎಲ್ಲರ ಕೋವಿಯನ್ನೂ ಸಾರಾಸಗಟಾಗಿ ಇಡಿಸಿಕೊಳ್ಳಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಜಿಲ್ಲಾಧಿಕಾರಿ ಮತ್ತು ಎಸ್.ಪಿ. ಇರುವ ಪರಿಶೀಲನಾ ಸಮಿತಿ ಪ್ರತಿ ಲೈಸೆನ್ಸನ್ನೂ ನೋಡಿ, ಜಾಮೀನಿನ ಮೇಲೆ ಹೊರಗಿರುವವರು, ಗಲಾಟೆಯ ಹಿನ್ನೆಲೆಯವರು, ಇಂಥವರನ್ನು ಆರಿಸಿ ಇಡಿಸಿಕೊಳ್ಳಬೇಕು ಎಂಬುದು ಕ್ರಮ. ಆರಿಸುವ ಶ್ರಮಕ್ಕಿಂತ ಎಲ್ಲವನ್ನೂ ತರಿಸುವುದು ಸುಲಭ. ವಿನಾಯಿತಿ ಬೇಕಾದವರು ಘೋಷಣೆಯಾದ ವಾರದಲ್ಲೇ ಪಹಣಿ, ಲೈಸೆನ್ಸ್ ಪ್ರತಿ ಹಿಡಿದು ಸಮಿತಿಗೆ ಅರ್ಜಿ ಕೊಡಬೇಕು. ಇಡಲೇಬೇಕಾಗಿ ಬಂದರೆ ಎಣ್ಣೆ ಹಚ್ಚಿ ಕೊಡಿ, ರಸೀದಿಯಲ್ಲಿ ನಂಬರು ಸರಿಯಿದೆಯಾ ನೋಡಿ. ಮಲೆನಾಡಿನ ಠಾಣೆಯ ಮೂಲೆಯಲ್ಲಿ ಎರಡೂವರೆ ತಿಂಗಳು ಒರಗಿನಿಂತ ನಳಿಗೆಗೆ ತುಕ್ಕು ಹಿಡಿಯುವುದಕ್ಕೆ ಯಾರ ಸಹಿಯೂ ಬೇಕಿಲ್ಲ.

ಇನ್ನೆರಡು ಸಣ್ಣ ವಿಷಯ. 2019ರ ತಿದ್ದುಪಡಿಯಿಂದ ಲೈಸೆನ್ಸ್ ಅವಧಿ ಮೂರು ವರ್ಷದ ಬದಲು ಐದು ವರ್ಷವಾಗಿದೆ, ಒಬ್ಬರು ಇಟ್ಟುಕೊಳ್ಳಬಹುದಾದದ್ದು ಮೂರರ ಬದಲು ಎರಡೇ. ಅಜ್ಜ ತೀರಿಹೋಗಿ ಹತ್ತು ವರ್ಷವಾದರೂ ಕೋವಿ ಅಜ್ಜನ ಹೆಸರಿನಲ್ಲೇ ಅಟ್ಟದ ಮೇಲಿದ್ದರೆ ಅದು ಲೈಸೆನ್ಸ್ ಇಲ್ಲದ ಕೋವಿ ಎಂದೇ ಲೆಕ್ಕ. ಹೊಸದಾಗಿ ಅರ್ಜಿ ಹಾಕುವವರು ಜಿಲ್ಲಾ ಪೊಲೀಸರ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಹೋಗಿ ಬನ್ನಿ. ಸರ್ಟಿಫಿಕೇಟು ಅರ್ಜಿಗೆ ಬೇಕು, ಕಲಿತದ್ದು ಜೀವಕ್ಕೆ ಬೇಕು.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಅದೇ ಗೌಡರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ರೈಫಲ್ ಬೇಡ, ಜೋಡುನಳಿಗೆಗೆ ಅರ್ಜಿ ಬರೆಯಿರಿ ಎಂದೆ. ಮಳೆಯ ವಿಷಯ, ಸೆಕ್ಷನ್ ವಿಷಯ ಎಲ್ಲಾ ಹೇಳಿದೆ. ತಲೆ ಅಲ್ಲಾಡಿಸುತ್ತಾ ಕೇಳಿದರು.

"ಬರೀತೀನಿ. ಆದ್ರೆ ನೀವು ಹೇಳಿದ ಮಳೆ ವಿಷಯ ಅರ್ಜಿಯಲ್ಲಿ ಕನ್ನಡದಲ್ಲೇ ಬರೆದ್ರೆ ಆಗ್ತದಾ?"

ಆಗುತ್ತದೆ ಎಂದೆ.

"ಹಂಗಾದ್ರೆ ಒಂದು ಹಾಳೆ ಕೊಡಿ" ಎಂದು ಅಲ್ಲೇ ಹೋಟೆಲಿನ ಬೆಂಚಿನ ಮೇಲೆ ಕೂತರು. ಈ ಸಲ ಪಟಾಕಿ ಕಟ್ಟು ಎರಡಿತ್ತು.